ಗಿಡ ಹಸಿರು, ಹಣ್ಣು ಸಪ್ಪೆ: ಅನಾನಸ್‌ಗೆ ಪೊಟ್ಯಾಷ್ ಯಾವಾಗ, ಎಷ್ಟು?

ಪ್ರಶ್ನೆ: ನಮ್ಮ ಅನಾನಸ್ ಗಿಡಗಳು ನೋಡಲು ಚೆನ್ನಾಗಿಯೇ ಇವೆ. ಕಡು ಹಸಿರು, ಅಗಲ ಎಲೆ. ಹಣ್ಣೂ ದಪ್ಪ ಬರುತ್ತದೆ. ಆದರೆ ಬಾಯಿಗಿಟ್ಟರೆ ಸಪ್ಪೆ, ಪರಿಮಳವೂ ಇಲ್ಲ. ಎಷ್ಟೋ ಹಣ್ಣುಗಳು ಒಂದು ಕಡೆ ವಾಲಿ ಬಿಸಿಲಿಗೆ ಸುಟ್ಟುಹೋಗುತ್ತವೆ. ಎರಡು ತಿಂಗಳಿಗೊಮ್ಮೆ ತಪ್ಪದೆ ಯೂರಿಯಾ ಕೊಡುತ್ತೇನೆ. ಕಾಯಿ ಕಟ್ಟಿದ ಮೇಲೆ ಪೊಟ್ಯಾಷ್ ಹಾಕಿದ್ದೂ ಆಯಿತು. ಇನ್ನೇನು ಕಮ್ಮಿ?

ಉತ್ತರ: ಕಮ್ಮಿಯಾಗಿರುವುದು ಪೊಟ್ಯಾಷೇ. ಹಾಕಿದ್ದೀರಿ, ಸರಿ, ಆದರೆ ಊಟ ಮುಗಿಸಿ ಎದ್ದವರಿಗೆ ಉಪ್ಪು ಬಡಿಸಿದ ಹಾಗಾಗಿದೆ.

ಅನಾನಸ್ ಗಿಡ ಅತಿ ಜಾಸ್ತಿ ಹೀರಿಕೊಳ್ಳುವುದು ಪೊಟ್ಯಾಷಿಯಂ ಅನ್ನು, ಪೊಟ್ಯಾಷ್ ಗೊಬ್ಬರದಲ್ಲಿರುವುದು ಅದೇ. ಯೂರಿಯಾದಿಂದ ಸಿಗುವ ಸಾರಜನಕ ಕೂಡ ಅದರ ನಂತರವೇ. ಯೂರಿಯಾದಿಂದ ಎಲೆ ಬೆಳೆಯುತ್ತದೆ, ಹಣ್ಣಿನ ತೂಕ ಬರುತ್ತದೆ, ಅದು ನಿಮಗೆ ಸಿಕ್ಕಿದೆ. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಹಣ್ಣಿಗೆ ಸಾಗಿಸುವುದು, ಹುಳಿ ಮತ್ತು ಪರಿಮಳ ತರುವುದು, ತೊಟ್ಟನ್ನು ಗಟ್ಟಿ ಮಾಡುವುದು, ಇವೆಲ್ಲ ಪೊಟ್ಯಾಷ್ ಇದ್ದರೆ ಆಗುವ ಕೆಲಸ. ನಿಮ್ಮ ಹಣ್ಣು ವಾಲುತ್ತಿರುವುದೂ ಅದಕ್ಕೇ: ಯೂರಿಯಾ ಹಣ್ಣನ್ನು ದಪ್ಪ ಮಾಡಿತು, ಅದನ್ನು ಹೊರುವ ತೊಟ್ಟು ಮಾತ್ರ ತೆಳ್ಳಗೇ ಉಳಿಯಿತು. ಇನ್ನು, ಸಪ್ಪೆ ಅಂದರೆ ಸಿಹಿ ಕಮ್ಮಿ ಅಂತಷ್ಟೇ ಅಲ್ಲ, ಒಂಚೂರು ಹುಳಿ ಇಲ್ಲದಿದ್ದರೆ ಅನಾನಸ್ ರುಚಿಯೇ ಅನ್ನಿಸುವುದಿಲ್ಲ, ಅಲ್ವಾ?

ಈಗ ಸಮಯದ ವಿಷಯ. ಈ ಗಿಡ ನೆಟ್ಟಾಗಿನಿಂದ ಹೂ ಬರುವವರೆಗೆ ಎಲೆಯಲ್ಲಿ, ಕಾಂಡದಲ್ಲಿ ಆಹಾರ ಕೂಡಿಡುತ್ತಾ ಹೋಗುತ್ತದೆ. ಹಣ್ಣು ಬೆಳೆಯುವುದು ಹೆಚ್ಚಾಗಿ ಆ ಗಂಟಿನಿಂದಲೇ. ಆದ್ದರಿಂದ ಗೊಬ್ಬರದ ದೊಡ್ಡ ಪಾಲು ಹೂವಿಗೆ ಮುಂಚೆಯೇ ಗಿಡದೊಳಗೆ ಹೋಗಿರಬೇಕು. ಕಾಯಿ ಕಟ್ಟಿದ ಮೇಲೆ ಸುರಿದರೆ ಪ್ರಯೋಜನ ಅಷ್ಟಕ್ಕಷ್ಟೇ, ಆಗ ಯೂರಿಯಾ ಸುರಿದರಂತೂ ಹಣ್ಣಿಗಿಂತ ಅದರ ನೆತ್ತಿಯ ಜುಟ್ಟೇ ದೊಡ್ಡದಾಗುತ್ತದೆ.

ಎಷ್ಟು? ಸಾಮಾನ್ಯ ಶಿಫಾರಸು ಗಿಡವೊಂದಕ್ಕೆ ಇಡೀ ಬೆಳೆಗೆ 12 ಗ್ರಾಂ ಸಾರಜನಕ, 12 ಗ್ರಾಂ ಪೊಟ್ಯಾಷ್, 4 ಗ್ರಾಂ ರಂಜಕ. ಚೀಲದ ಲೆಕ್ಕದಲ್ಲಿ 26 ಗ್ರಾಂ ಯೂರಿಯಾ, 20 ಗ್ರಾಂ ಮ್ಯುರಿಯೇಟ್ ಆಫ್ ಪೊಟ್ಯಾಷ್ (ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗುವ ಪೊಟ್ಯಾಷ್ ಗೊಬ್ಬರ). ಹಣ್ಣಾಗಿಯೇ ತಿನ್ನಲು ಬೆಳೆಯುವವರು ಪೊಟ್ಯಾಷನ್ನು ಸಾರಜನಕದ ಎರಡು ಪಟ್ಟಿನವರೆಗೂ ಏರಿಸುವುದುಂಟು. ಮಣ್ಣು ಪರೀಕ್ಷೆ ಮಾಡಿಸದೆ ಅಷ್ಟು ಏರಿಸುವುದು ಬೇಡ. ನೆಟ್ಟು ಎರಡು ತಿಂಗಳಿಗೆ ಶುರು ಮಾಡಿ, ಎರಡು ತಿಂಗಳಿಗೊಮ್ಮೆ ಕಂತಾಗಿ ಕೊಡಿ. ಗಿಡ ಚಿಕ್ಕದಿದ್ದಾಗ ಕಂತೂ ಚಿಕ್ಕದಿರಲಿ. ಮರಳು ಮಣ್ಣು, ಜೋರು ಮಳೆ ಇದ್ದಲ್ಲಿ ಪೊಟ್ಯಾಷ್ ನೀರಿನ ಜೊತೆ ಇಳಿದುಹೋಗುತ್ತದೆ, ಅಲ್ಲಿ ಕಂತು ಇನ್ನೂ ಸಣ್ಣದು ಮಾಡಿ ಸಂಖ್ಯೆ ಹೆಚ್ಚಿಸಿ.

ಕೊಡುವ ಜಾಗವೂ ಮುಖ್ಯ. ಅನಾನಸ್ ಎಲೆಗಳ ಬುಡ ಬಟ್ಟಲಿನ ಹಾಗಿರುತ್ತದೆ. ಅಲ್ಲಿ ನಿಂತ ನೀರು, ಗೊಬ್ಬರ ಎರಡನ್ನೂ ಗಿಡ ನೇರವಾಗಿ ಹೀರುತ್ತದೆ, ಕೆಳಗಿನ ಎಲೆ ಬಿಡಿಸಿ ನೋಡಿದರೆ ಕಂಕುಳಲ್ಲಿ ಸಣ್ಣ ಬೇರುಗಳೂ ಕಾಣುತ್ತವೆ. ಮೊದಲ ವರ್ಷ ನಾನು ಮಾಡಿದ ಪೆದ್ದುತನ ಹೇಳಿಬಿಡುತ್ತೇನೆ. ಬಗ್ಗಲು ಸೋಮಾರಿತನ, ನಿಂತಲ್ಲಿಂದಲೇ ಪೊಟ್ಯಾಷ್ ಎರಚುತ್ತಾ ಹೋದೆ. ಹರಳುಗಳೆಲ್ಲ ಸುಳಿಗೆ ಬಿದ್ದವು. ವಾರ ಕಳೆಯುವಷ್ಟರಲ್ಲಿ ಎಳೆ ಎಲೆಗಳ ಬುಡ ಬೆಂದು ಬೆಳ್ಳಗಾಗಿತ್ತು, ಕೆಲವನ್ನು ಎಳೆದರೆ ಕೈಗೇ ಬಂದವು. ಅಂದಿನಿಂದ ಬಗ್ಗಿಯೇ ಹಾಕುತ್ತೇನೆ, ಕೆಳಗಿನ ಹಳೆ ಎಲೆಗಳ ಬುಡಕ್ಕೆ. ಸೊಂಟ ನೋಯುತ್ತದೆ, ಏನು ಮಾಡುವುದು.

ಮುಂದಿನ ಸಲ ಹೂ ಬರಿಸುವ ಔಷಧಿ ಹೊಡೆಯುವ ಮುಂಚೆ ಒಂದು ಕೆಲಸ ಮಾಡಿ. ಗಿಡದ ಎಲ್ಲಾ ಎಲೆಗಳನ್ನು ಎರಡೂ ಕೈಯಲ್ಲಿ ಮೇಲಕ್ಕೆ ಒಟ್ಟುಮಾಡಿ ಹಿಡಿಯಿರಿ. ಎಲ್ಲಕ್ಕಿಂತ ಎತ್ತರ ನಿಲ್ಲುವ ಎಲೆಗೆ ‘ಡಿ ಎಲೆ’ ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಎಲೆ ಪರೀಕ್ಷೆಗೆ ಕೇಳುವುದು ಇದನ್ನೇ. ಗಿಡದ ಹೊಟ್ಟೆಯಲ್ಲಿ ಪೊಟ್ಯಾಷ್ ಎಷ್ಟಿದೆ ಅಂತ ಅದು ಹೇಳುತ್ತದೆ, ಬರೀ ಹಸಿರು ನೋಡಿ ಅದು ಗೊತ್ತಾಗುವುದಿಲ್ಲ.

ಪ್ರಶ್ನೆ: ಮ್ಯುರಿಯೇಟ್ ಕೊಡಬೇಕೋ, ಸಲ್ಫೇಟ್ ಆಫ್ ಪೊಟ್ಯಾಷ್ ಕೊಡಬೇಕೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಮ್ಯುರಿಯೇಟ್‌ನಲ್ಲಿ ಪೊಟ್ಯಾಷ್ 60%. ಆದರೆ ಅದರ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಕ್ಲೋರೈಡ್. ಸಲ್ಫೇಟ್‌ನಲ್ಲಿ ಪೊಟ್ಯಾಷ್ 50%, ಜೊತೆಗೆ ಗಂಧಕ ಸುಮಾರು 17%. ಚೆನ್ನಾಗಿ ಮಳೆ ಬಂದು ಕ್ಲೋರೈಡ್ ತೊಳೆದುಹೋಗುವ ಜಾಗದಲ್ಲಿ ಮ್ಯುರಿಯೇಟ್ ಹಾಕಿ, ಸುಮ್ನೆ ಜಾಸ್ತಿ ಖರ್ಚು ಬೇಡ. ನೀರು ಉಪ್ಪಾಗಿದ್ದರೆ ಅಥವಾ ಒಣ ಪ್ರದೇಶವಾದರೆ ಸಲ್ಫೇಟ್‌ಗೇ ನನ್ನ ಓಟು. ಸಿಂಪಡಿಸುವುದಾದರೂ ಅಷ್ಟೇ, ಸಲ್ಫೇಟ್ ಅಥವಾ ಪೊಟ್ಯಾಷಿಯಂ ನೈಟ್ರೇಟ್. ಸಲ್ಫೇಟ್ ಕರಗುವುದು ನಿಧಾನ, ಹಿಂದಿನ ರಾತ್ರಿಯೇ ನೆನೆಸಿ, ಸೋಸಿ ಹಾಕಿ, ಇಲ್ಲದಿದ್ದರೆ ನಾಝಲ್ ಕಟ್ಟಿಕೊಂಡು ತಲೆ ತಿನ್ನುತ್ತದೆ. ಸಂಜೆ ಹೊತ್ತು ಹೊಡೆಯಿರಿ. ಬಿಸಿಲಲ್ಲಿ ಹೊಡೆದರೆ ನೀರು ಆರಿ ಉಪ್ಪು ಎಲೆಯ ಮೇಲೇ ಉಳಿದು ಸುಡುತ್ತದೆ. ಜೊತೆಗೆ ಯೂರಿಯಾ ಸೇರಿಸುವುದಾದರೆ ಬೈಯುರೆಟ್ (ಯೂರಿಯಾ ತಯಾರಿಸುವಾಗ ಸೇರಿಕೊಳ್ಳುವ ಕಲ್ಮಶ) ಕಮ್ಮಿ ಇರುವುದನ್ನೇ ಕೇಳಿ ತನ್ನಿ, ಅನಾನಸ್ ಎಲೆಗೆ ಅದು ಆಗಿಬರುವುದಿಲ್ಲ.

ಪ್ರಶ್ನೆ: ಒಲೆ ಬೂದಿಯಲ್ಲೂ ಪೊಟ್ಯಾಷ್ ಇದೆಯಂತೆ. ಅದನ್ನೇ ಹಾಕಿದರೆ ಸಾಲದೇ?

ಉತ್ತರ: ಇದೆ, ನಿಜ. ಜೊತೆಗೆ ಸುಣ್ಣವೂ ಇದೆ, ತೊಂದರೆ ಇರುವುದೇ ಅಲ್ಲಿ. ಅನಾನಸ್‌ಗೆ ಬೇಕಿರುವುದು ಹುಳಿ ಮಣ್ಣು, ರಸಸಾರ (pH) 4.5ರಿಂದ 5.5. ಬೂದಿ ಸುರಿಯುತ್ತಾ ಹೋದರೆ ರಸಸಾರ ಏರುತ್ತದೆ, ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ, ಎಳೆ ಎಲೆಗಳು ಹಳದಿಯಾಗುತ್ತವೆ. ಬೇರು ಕೊಳೆಸುವ ಫೈಟಾಫ್ತೊರಾಕ್ಕೂ ಅಂಥ ಮಣ್ಣೇ ಇಷ್ಟ. ಮಣ್ಣು ತೀರಾ ಹುಳಿ ಇದ್ದರೆ ಸ್ವಲ್ಪ ಹಾಕಿ, ಉಳಿದದ್ದು ಬೇರೆ ಬೆಳೆಗಿರಲಿ.

ಪ್ರಶ್ನೆ: ಪೊಟ್ಯಾಷ್ ಡಬಲ್ ಮಾಡಿದರೆ ಸಿಹಿಯೂ ಡಬಲ್ ಆಗುತ್ತದೆಯೇ?

ಉತ್ತರ: ಇಲ್ಲ. ಒಂದು ಮಟ್ಟ ದಾಟಿದ ಮೇಲೆ ಹುಳಿ ಏರುತ್ತದೆ, ಸಿಹಿ ಅಲ್ಲೇ ನಿಲ್ಲುತ್ತದೆ. ಮೆಗ್ನೀಸಿಯಂ ಹೀರಿಕೊಳ್ಳಲೂ ಅಡ್ಡಿಯಾಗುತ್ತದೆ. ಅದನ್ನು ಗುರುತಿಸುವುದು ಸುಲಭ: ಹಳೆ ಎಲೆ ಬಿಸಿಲು ಬಿದ್ದಲ್ಲೆಲ್ಲ ಹಳದಿಯಾಗಿರುತ್ತದೆ, ಮೇಲಿನ ಎಲೆಯ ನೆರಳು ಬಿದ್ದ ಕಡೆ ಮಾತ್ರ ಹಸಿರು ಪಟ್ಟೆ ಹಾಗೇ ಉಳಿದಿರುತ್ತದೆ. ಆ ಪಟ್ಟೆ ಕಂಡರೆ ಪೊಟ್ಯಾಷ್ ನಿಲ್ಲಿಸಿ, ಮೆಗ್ನೀಸಿಯಂ ಸಲ್ಫೇಟ್ ಸಿಂಪಡಿಸಿ.