ಮೊಲೀನ್‌ಗೆ ಬರುತ್ತಿರುವ ತಮ್ಮನಿಗೆ

"ಅಕ್ಕಾ, ಜನವರಿಗೆ ಅಮೆರಿಕದ ಇಲಿನಾಯ್‌ನಲ್ಲಿರೋ ಮೊಲೀನ್‌ಗೆ ಬರ್ತಿದ್ದೀವಿ, ಟ್ರ್ಯಾಕ್ಟರ್ ಕಂಪನಿಯಲ್ಲಿ ಕೆಲಸ. ಚಳಿ ತಡೆಯೋಕಾಗುತ್ತಾ? ಅಕ್ಕಿ ಬೇಳೆ ಸಿಗುತ್ತಾ? ಮ್ಯಾಪ್ ನೋಡಿದರೆ ಸುತ್ತ ಬರೀ ಹೊಲ, ಪುಟ್ಟ ಪುಟ್ಟ ಹಳ್ಳಿ. ಅಲ್ಲಿ ನೋಡೋಕೆ ಏನಾದ್ರೂ ಇದೆಯಾ?" ಅಂತ ಕೇಳಿದ್ದೀಯ. ಅಕ್ಕ ಅಂದಿದ್ದೀಯ, ರಾಣೆಬೆನ್ನೂರಿನವನು ಬೇರೆ. ನೀನು ಅಂತಲೇ ಬರೆಯುತ್ತೇನೆ.

ಅಕ್ಕಿ ಬೇಳೆ ಸಿಗುತ್ತೆ. ಕಾರು ಬೇಕೇ ಬೇಕು. ದಪ್ಪ ಕೋಟು, ಬೂಟು ಅಲ್ಲಿಂದ ಹೊತ್ತು ತರಬೇಡ, ಇಲ್ಲೇ ತಗೋ. ಆ ಜಾಗದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಇಡು. ಚಳಿ ಅಭ್ಯಾಸವಾಗುತ್ತೆ. ಹಿಮಕ್ಕಿಂತ ರಸ್ತೆ ಮೇಲೆ ಕಣ್ಣಿಗೆ ಕಾಣದಂತೆ ಕೂರುವ ತೆಳು ಮಂಜುಗಡ್ಡೆಗೆ ಹೆದರು.

ಇನ್ನು ಹಳ್ಳಿಗಳ ವಿಷಯ. ನಾನೂ ಜನವರಿಯಲ್ಲೇ ಬಂದವಳು. ಕಿಟಕಿ ಆಚೆ ಬಿಳಿ ಹೊಲ, ಹಿಮದಿಂದ ತಲೆ ಎತ್ತಿದ ಮೆಕ್ಕೆಜೋಳದ ಕೂಳೆ. ಇಲ್ಲಿ ಯಾವತ್ತೂ ಯಾರೂ ಬಾಳಿಲ್ಲ ಅನ್ನಿಸಿತ್ತು. ಅದು ಸುಳ್ಳು ಅಂತ ತಿಳಿಸಿದ್ದು ಬಿಷಪ್ ಹಿಲ್ ಎಂಬ ಪುಟ್ಟ ಹಳ್ಳಿ. ನಿಮ್ಮ ಮನೆಯಿಂದ ಕಾರಿನಲ್ಲಿ ಮುಕ್ಕಾಲು ಗಂಟೆ. ಈಗ ಅಲ್ಲಿರುವುದು ನೂರ ಚಿಲ್ಲರೆ ಜನ, ಅಷ್ಟೇ.

1846ರಲ್ಲಿ ಆ ಊರು ಕಟ್ಟಿದವರು ಸ್ವೀಡನ್ನಿನ ರೈತಾಪಿ ಜನ. ಆ ದೇಶದಲ್ಲಿ ಚರ್ಚಿನ ಹೊರಗೆ, ಮನೆಗಳಲ್ಲಿ ಸೇರಿ ಪ್ರಾರ್ಥನೆ ಮಾಡುವುದಕ್ಕೆ ಕಾನೂನೇ ಅಡ್ಡಿಯಾಗಿತ್ತು. ಎರಿಕ್ ಯಾನ್ಸನ್ ಎಂಬ ಬೋಧಕನನ್ನು ನಂಬಿ ಮನೆಮಠ ಮಾರಿದರು, ಬಂದ ದುಡ್ಡನ್ನು ಒಂದೇ ಗಂಟಿಗೆ ಹಾಕಿದರು, ಹಡಗು ಹತ್ತಿದರು. ನ್ಯೂಯಾರ್ಕಿನಿಂದ ಕಾಲುವೆ, ಸರೋವರ ದಾಟಿ ಶಿಕಾಗೋ. ಅಲ್ಲಿಂದ ಇಲ್ಲಿಗೆ ಹೆಚ್ಚಿನವರು ನಡೆದೇ ಬಂದರು. ಮನೆ ಕಟ್ಟಲು ಪುರುಸೊತ್ತಿಲ್ಲ, ಚಳಿ ಬಂದೇಬಿಟ್ಟಿತು. ಹಳ್ಳದ ದಂಡೆ ಕೊರೆದು ಗುಹೆಯಂಥ ಗೂಡು ಮಾಡಿಕೊಂಡು ಅದರೊಳಗೆ ಒತ್ತೊತ್ತಾಗಿ ಮಲಗಿದರು. ಆ ಒಂದೇ ಚಳಿಗಾಲದಲ್ಲಿ 96 ಜನ ಸತ್ತರು. 1849ರಲ್ಲಿ ಕಾಲರಾ ಬಂದು ಮತ್ತಷ್ಟು ಜನರನ್ನು ಒಯ್ದಿತು. ಮರುವರ್ಷ ಯಾನ್ಸನ್ನನನ್ನೇ ಹತ್ತಿರದ ಕೇಂಬ್ರಿಜ್ ಊರಿನ ಕೋರ್ಟಿನಲ್ಲಿ ಗುಂಡಿಟ್ಟು ಕೊಂದರು.

ಆದರೂ ಊರು ನಿಂತಿತು. ಹೊಲ, ದುಡಿಮೆ, ಊಟ, ಎಲ್ಲ ಒಟ್ಟಿಗೆ. ಇಟ್ಟಿಗೆಯ ದೊಡ್ಡ ದೊಡ್ಡ ಕಟ್ಟಡ ಎದ್ದವು. ಅಗಸೆ ಬೆಳೆದು ನಾರಿನಿಂದ ಬಟ್ಟೆ ನೇಯ್ದರು. ಪೊರಕೆಗೆ ಅಂತಲೇ ಒಂದು ಜಾತಿಯ ಜೋಳ ಬೆಳೆದು ಮಾರಿದರು. ಆಮೇಲೆ ಹಣಕಾಸು ನೋಡಿಕೊಳ್ಳುತ್ತಿದ್ದವರು ರೈಲು, ಬ್ಯಾಂಕು ಅಂತ ಕೈಹಾಕಿ ಸಾಲ ಮಾಡಿದರು. 1857ರ ಮುಗ್ಗಟ್ಟಿನಲ್ಲಿ ಎಲ್ಲ ಕುಸಿಯಿತು. 1861ರಲ್ಲಿ ಆಸ್ತಿ ಪಾಲಾಯಿತು. ಪಾಲಾದ ಮೇಲೆ ವರ್ಷಗಟ್ಟಲೆ ಕೋರ್ಟು ಕಚೇರಿ. ನಿನಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಇವರಿಗಿಂತ ಮುಂಚೆ ಈ ನೆಲದಲ್ಲಿ ಇದ್ದವರು ಸಾಕ್ ಎಂಬ ಮೂಲನಿವಾಸಿ ಜನ. ನಿಮ್ಮ ಪಕ್ಕದ ರಾಕ್ ಐಲೆಂಡ್‌ನಲ್ಲಿ ಸಾಕೆನಕ್ ಎಂಬ ಅವರ ದೊಡ್ಡ ಊರಿತ್ತು. ಅವರ ಹೆಂಗಸರೂ ಮೆಕ್ಕೆಜೋಳ ಬೆಳೆಯುತ್ತಿದ್ದರು. 1832ರ ಯುದ್ಧದಲ್ಲಿ ಅವರ ನಾಯಕ ಬ್ಲ್ಯಾಕ್ ಹಾಕ್ ಸೋತ ಮೇಲೆ ಅವರಿಗೆ ಇಲ್ಲಿ ನೆಲವೇ ಇಲ್ಲದಾಯಿತು. ಬಿಳಿಯರು ಬಂದು ಖಾಲಿ ಜಾಗ ಉತ್ತರು ಅಂತ ಯಾರಾದರೂ ಹೇಳಿದರೆ ನಂಬಬೇಡ.

ಬಿಷಪ್ ಹಿಲ್‌ನ ಮ್ಯೂಸಿಯಂಗೆ ತಪ್ಪದೇ ಹೋಗು. ಓಲೋಫ್ ಕ್ರಾನ್ಸ್ ಅಂತ ಒಬ್ಬರು, 1850ರಲ್ಲಿ ಹನ್ನೆರಡರ ಹುಡುಗನಾಗಿ ಬಂದವರು. ವಯಸ್ಸಾದ ಮೇಲೆ, 1890ರ ದಶಕದಲ್ಲಿ, ಚಿಕ್ಕಂದಿನಲ್ಲಿ ಕಂಡದ್ದನ್ನೆಲ್ಲ ಚಿತ್ರ ಬರೆದಿಟ್ಟರು. ಒಂದರಲ್ಲಿ ಮೆಕ್ಕೆಜೋಳದ ಬಿತ್ತನೆ. ಹೊಲದ ಅಗಲಕ್ಕೂ ಹಗ್ಗ ಎಳೆದಿದ್ದಾರೆ, ಎರಡೂ ತುದಿಗೆ ಒಬ್ಬೊಬ್ಬ ಗಂಡಸು. ಹಗ್ಗದ ಉದ್ದಕ್ಕೂ ಒಂದೇ ಸಾಲಿನಲ್ಲಿ ಹೆಂಗಸರು, ಉದ್ದ ಲಂಗ, ತಲೆಗೆ ಬಟ್ಟೆ. ನಮ್ಮ ಕಡೆ ಸಾಲು ನಾಟಿಗೆ ಹಗ್ಗ ಹಿಡಿದ ಹಾಗೇ ಇದೆ. ಅದರ ಮುಂದೆ ನಿಂತಾಗ ನನಗೆ ಅಪ್ಪನ ನೆನಪಾಗಿ ಗಂಟಲು ಕಟ್ಟಿತು.

ಅಪ್ಪ ಒಂದು ಬೇಸಿಗೆ ಬಂದಿದ್ದರು. ದಾವಣಗೆರೆ ಕಡೆ ಎರಡೆಕರೆಯಲ್ಲಿ ಮೆಕ್ಕೆಜೋಳ ಹಾಕುವ ರೈತ. ಹೊಲದ ಅಂಚಿಗೆ ಕಾರು ನಿಲ್ಲಿಸಿದರೆ ಇಳಿದು ಮಣ್ಣು ಹಿಂಡಿ ನೋಡಿದರು. "ಎರೆ ಕಣವ್ವ, ಚಿನ್ನದಂಥ ಎರೆ. ಇದನ್ನ ಮೊದಲು ಉತ್ತವರು ಯಾರು?" ಅಂದರು. ನನಗೆ ಗೊತ್ತಿರಲಿಲ್ಲ. ಈ ಮಣ್ಣು ಕಬ್ಬಿಣದ ನೇಗಿಲಿಗೆ ಮೆತ್ತಿಕೊಂಡು ಕಾಡುತ್ತಿತ್ತು, 1837ರಲ್ಲಿ ಜಾನ್ ಡೀರ್ ಎಂಬ ಕಮ್ಮಾರ ನಯವಾದ ಉಕ್ಕಿನ ನೇಗಿಲು ಮಾಡಿದ, 1848ರಲ್ಲಿ ಮೊಲೀನ್‌ಗೆ ಬಂದ ಅಂತೆಲ್ಲ ಹೇಳಿದ್ದರೆ ಇಡೀ ದಿನ ಕೂತು ಕೇಳುತ್ತಿದ್ದರು. ನಾವು ಅವರನ್ನು ಶಿಕಾಗೋದ ಎತ್ತರದ ಕಟ್ಟಡ ತೋರಿಸಲು ಕರೆದೊಯ್ದೆವು. ನಾನು ಬಿಷಪ್ ಹಿಲ್ ನೋಡುವ ಹೊತ್ತಿಗೆ ಅವರು ಇರಲಿಲ್ಲ. ಇದು ನನ್ನ ಎದೆಯಲ್ಲಿ ಇವತ್ತಿಗೂ ಇದೆ.

ನಿನ್ನ ಹೆಂಡತಿಗೆ ಒಂದು ಮಾತು. ಇಲ್ಲಿಂದ ಸ್ವೀಡನ್ನಿಗೆ ಹೋದ ಕಾಗದಗಳಲ್ಲಿ ನೆಲದ ಗುಣ, ಹೊಟ್ಟೆ ತುಂಬ ಊಟ, ಇವೇ ಜಾಸ್ತಿ. ಅದನ್ನು ಓದಿಯೇ ಎಷ್ಟೋ ಜನ ಆ ದೇಶ ಬಿಟ್ಟು ಬಂದರು. ಗೂಡಿನೊಳಗೆ ಕೆಮ್ಮುತ್ತಿದ್ದವರ ಮಾತು ಅಷ್ಟು ದೂರ ಮುಟ್ಟಲಿಲ್ಲ. ನನಗೂ ಆಗ ಕೆಲಸ ಮಾಡುವ ವೀಸಾ ಇರಲಿಲ್ಲ. ದಿನವೆಲ್ಲ ಒಬ್ಬಳೇ, ಸಂಜೆ ಐದಕ್ಕೆಲ್ಲ ಕತ್ತಲು. ಫೋನಿನಲ್ಲಿ ಅಮ್ಮನಿಗೆ ಮಾತ್ರ "ಎಲ್ಲ ಚೆನ್ನಾಗಿದೆ" ಅನ್ನುತ್ತಿದ್ದೆ. ನಿನ್ನ ಹೆಂಡತಿ ಹಾಗೆ ಮುಚ್ಚಿಡದಂತೆ ನೋಡಿಕೋ. ಅಳು ಬಂದರೆ ತಾಯಿ ಹತ್ತಿರ ಅಳಲಿ. ವಾರಕ್ಕೆರಡು ಸಲ ಲೈಬ್ರರಿಗೆ ಹೋಗಲಿ, ಅಲ್ಲಿ ಬೆಚ್ಚಗಿರುತ್ತೆ, ಮಾತಾಡಿಸುವ ಜನ ಇರುತ್ತಾರೆ. ನನ್ನ ಮನೆಗಂತೂ ಹೇಳದೇ ಕೇಳದೇ ಬರಬಹುದು.

ನಿನ್ನ ಅಪ್ಪ ಅಮ್ಮನನ್ನು ಚಳಿಯಲ್ಲಿ ಕರೆಸಬೇಡ. ಸೆಪ್ಟೆಂಬರಿಗೆ ಕರೆಸು. ಬಿಷಪ್ ಹಿಲ್‌ನಲ್ಲಿ ಆಗ ಸುಗ್ಗಿಯ ಹಬ್ಬ ಇರುತ್ತೆ, ಕಟಾವು ಮಾಡುವ ಕಂಬೈನು ಯಂತ್ರಗಳೂ ಹೊಲಕ್ಕೆ ಇಳಿಯುವ ಕಾಲ. 1854ರ ಕಟ್ಟಡದ ಗೋಪುರದಲ್ಲಿ ಒಂದು ಗಡಿಯಾರವಿದೆ, ಗಂಟೆಯ ಮುಳ್ಳು ಮಾತ್ರ ಇದೆ, ನಿಮಿಷದ್ದಿಲ್ಲ. ಅದನ್ನೂ ತೋರಿಸು. ಟಿಕೆಟ್ ಆದ ಮೇಲೆ ತಾರೀಕು ತಿಳಿಸು, ಏರ್‌ಪೋರ್ಟಿಗೆ ನಮ್ಮ ಯಜಮಾನರು ಬರುತ್ತಾರೆ. ಮೊದಲ ದಿನದ ಊಟ ನಮ್ಮಲ್ಲೇ.