ಬ್ರಿಸ್ಟಲ್‌ಗೆ ಹೊರಟಿರುವ ದುರ್ಗದ ತಮ್ಮನಿಗೆ

ತಮ್ಮಾ,

ನಿನ್ನ ಸಂದೇಶದಲ್ಲಿ ಪ್ರಶ್ನೆಗಳ ಸರಮಾಲೆಯೇ ಇತ್ತು. ಬಾಡಿಗೆ ಎಷ್ಟು, ಚಳಿ ಹೇಗೆ, ಅಡುಗೆಗೆ ಏನು ತರಬೇಕು, ಕಾರು ಬೇಕೇ ಬೇಡವೇ. ಕೊನೆಗೆ, ‘ಬ್ರಿಸ್ಟಲ್‌ನಿಂದ ಬಾತ್‌ವರೆಗೆ ಹಳೆಯ ರೈಲು ದಾರಿಯನ್ನೇ ಸೈಕಲ್ ದಾರಿ ಮಾಡಿದ್ದಾರಂತೆ, ಒಂದು ಕಡೆ ಅದರ ಪಕ್ಕದಲ್ಲೇ ಉಗಿಬಂಡಿಯೂ ಓಡುತ್ತದಂತೆ. ಕೆಲಸಕ್ಕೆ ಅದರ ಮೇಲೆ ಹೋಗಬಹುದೇ ಅಣ್ಣಾ? ನಮ್ಮ ಕಡೆ ಇಂಥದ್ದು ಯಾಕಿಲ್ಲ?’ ಎಂದು ಕೇಳಿದ್ದೀಯ. ರಜೆಗೆ ಬಂದು ದಾವಣಗೆರೆಯಲ್ಲೇ ಇದ್ದೇನೆ. ಕುಂದುವಾಡ ಕೆರೆಯ ಸುತ್ತ ನಡೆದು ಬಂದು, ಅಮ್ಮ ಮಲಗಿದ ಮೇಲೆ ಬರೆಯುತ್ತಿದ್ದೇನೆ.

ಸಣ್ಣ ಪ್ರಶ್ನೆಗಳನ್ನು ಮೊದಲು ಮುಗಿಸುತ್ತೇನೆ. ಮೊದಲ ವರ್ಷ ನಾಲ್ಕು ಜನರ ಜೊತೆ ಮನೆ ಹಂಚಿಕೊ. ಮನೆ ಕಣ್ಣಾರೆ ನೋಡದೆ ಯಾರಿಗೂ ಮುಂಗಡ ಕಳುಹಿಸಬೇಡ. ಕೋಟನ್ನು ಅಲ್ಲೇ ಕೊಳ್ಳಬೇಕು, ಏಕೆಂದರೆ ಅಲ್ಲಿ ಕಾಡುವುದು ಚಳಿಗಿಂತ ಹೆಚ್ಚಾಗಿ ಗಾಳಿ ಮಳೆ. ಅಕ್ಕಿ ಬೇಳೆ ಎಲ್ಲಾ ಸಿಗುತ್ತದೆ. ಮಂಡಕ್ಕಿಯನ್ನು ಮಾತ್ರ ಹೊತ್ತು ತರಬೇಡ, ಆ ಹವೆಯಲ್ಲಿ ಎರಡೇ ದಿನಕ್ಕೆ ಮೆತ್ತಗಾಗುತ್ತದೆ. ಕಾರಿನ ಮಾತು ಈಗಲೇ ಬೇಡ. ಉಳಿದದ್ದು ನಿನಗೇ ತಿಳಿಯುತ್ತದೆ.

ಆ ದಾರಿಯ ವಿಷಯಕ್ಕೆ ಬರುತ್ತೇನೆ. ನಾನು ಅಲ್ಲಿ ಇಳಿದದ್ದು 2003ರ ನವೆಂಬರಿನಲ್ಲಿ. ಸಂಜೆ ನಾಲ್ಕೂವರೆಗೇ ಕತ್ತಲೆ. ಬೀದಿಯಲ್ಲಿ ಜಗಲಿಯಿಲ್ಲ, ಜಗಲಿಯ ಮೇಲೆ ಕುಳಿತು ‘ಯಾವೂರು?’ ಎಂದು ಕೇಳುವವರೂ ಇಲ್ಲ. ಫಿಶ್‌ಪಾಂಡ್ಸ್ ಎಂಬ ಬಡಾವಣೆಯಲ್ಲಿ ಕೋಣೆ ಸಿಕ್ಕಿತ್ತು. ಒಂದು ಭಾನುವಾರ ಮನೆಯ ಹಿಂದಿನ ಇಳಿಜಾರು ಇಳಿದು ಡಾಂಬರಿನ ದಾರಿಗೆ ಬಂದೆ. ರೈಲು ದಾರಿಯೆಂದು ಯಾರೂ ಹೇಳಬೇಕಾಗಲಿಲ್ಲ. ಏರಿಳಿತವಿಲ್ಲ, ತಿರುವುಗಳೆಲ್ಲ ನಿಧಾನ, ತಲೆಯ ಮೇಲೆ ಕಲ್ಲಿನ ಕಮಾನು ಸೇತುವೆ. ಮುಂದೆ ಸ್ಟೇಪಲ್ ಹಿಲ್‌ನಲ್ಲಿ ಸುಮಾರು 470 ಮೀಟರ್ ಉದ್ದದ ಸುರಂಗ. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ ಕಾಯುತ್ತಲೇ ಬೆಳೆದವನಿಗೆ ರೈಲು ದಾರಿಯ ಗುರುತು ಹಳಿಯಿಲ್ಲದಿದ್ದರೂ ಹತ್ತುತ್ತದೆ.

ಅದರ ಕಥೆ ಹೀಗಿದೆ. ಮಿಡ್‌ಲ್ಯಾಂಡ್ ರೈಲ್ವೆಯವರು ಬಾತ್‌ವರೆಗಿನ ಈ ಮಾರ್ಗವನ್ನು 1869ರಲ್ಲಿ ತೆರೆದರು. 1963ರಲ್ಲಿ ಬ್ರಿಟಿಷ್ ರೈಲ್ವೆಯ ಅಧ್ಯಕ್ಷ ಬೀಚಿಂಗ್ ಎಂಬವರ ವರದಿ ಬಂತು. ನಷ್ಟದ ಮಾರ್ಗಗಳನ್ನು ಮುಚ್ಚಿ ಎಂದು ಅದು ಹೇಳಿದ್ದರಿಂದ ದೇಶದಾದ್ಯಂತ ಸಾವಿರಾರು ಮೈಲಿ ಹಳಿ ಹೋಯಿತು. ಇಲ್ಲಿ ಪ್ರಯಾಣಿಕರ ರೈಲು ನಿಂತದ್ದು 1966ರಲ್ಲಿ. ಆಮೇಲೆ ಹಳಿಯನ್ನೂ ಕಿತ್ತರು. 1972ರಲ್ಲಿ ರೈಲಿನ ಹುಚ್ಚಿನ ಕೆಲವರು ಸಂಘ ಕಟ್ಟಿ, ಬಿಟ್ಟನ್ ನಿಲ್ದಾಣವನ್ನು ಹಿಡಿದುಕೊಂಡು ಕಿತ್ತ ಹಳಿಯನ್ನು ಮತ್ತೆ ಹಾಸತೊಡಗಿದರು. ಇನ್ನೊಂದು ಕಡೆಯಿಂದ ಸೈಕಲ್ಲಿನವರು 1979ರಿಂದ 1986ರವರೆಗೆ, ಬಹುಪಾಲು ಸ್ವಯಂಸೇವಕರ ಕೈಯಿಂದಲೇ, 13 ಮೈಲಿ ದಾರಿ ಮಾಡಿದರು. ಸೈಕಲ್ ದಾರಿಗಳನ್ನು ಮಾಡಿಸುವ ಸಸ್ಟ್ರಾನ್ಸ್ ಎಂಬ ಸಂಸ್ಥೆ ಹುಟ್ಟಿದ್ದು ಆ ಗುಂಪಿನಿಂದಲೇ. ಮೊದಲು ಅಲ್ಲಿ ಜೋಡಿ ಹಳಿ ಇದ್ದುದರಿಂದ ಅಗಲ ಸಾಕಷ್ಟಿತ್ತು: ಬಿಟ್ಟನ್‌ನ ಆಚೆ ಈಚೆ ಸುಮಾರು ಮೂರು ಮೈಲಿ, ಒಂದು ಬದಿಗೆ ಆ ರೈಲಿನವರ ಏವನ್ ವ್ಯಾಲಿ ರೈಲ್ವೆಯ ಹಳಿ, ಬೇಲಿ, ಇನ್ನೊಂದು ಬದಿಗೆ ಸೈಕಲ್ಲು. ಕೆಲವು ದಿನ ಎಂಜಿನ್ ಪಕ್ಕದಲ್ಲೇ ಉಸಿರು ಬಿಡುತ್ತಾ ಬರುತ್ತದೆ. ಹುಡುಗರು ಅದರ ಜೊತೆ ಪಂದ್ಯ ಕಟ್ಟಿ ಪೆಡಲ್ ತುಳಿಯುತ್ತಾರೆ.

ಇಬ್ಬರೂ ಒಂದೇ ತಾಯಿಯ ಮಕ್ಕಳಂತೆ ಇದ್ದಾರೆಂದು ತಿಳಿಯಬೇಡ. ರೈಲಿನವರಿಗೆ ಹಳಿ ಮುಂದಕ್ಕೆ ಹೋಗಬೇಕು ಎಂಬ ಆಸೆ, ಸೈಕಲ್ಲಿನವರಿಗೆ ದಾರಿ ಕಿರಿದಾದೀತು ಎಂಬ ದಿಗಿಲು. ಆದರೆ 2008ರಲ್ಲಿ ಈ ದಾರಿಯ ಒಂದು ಭಾಗದ ಮೇಲೆ ಬಸ್ ಓಡಿಸುವ ಯೋಜನೆ ಬಂದಾಗ ಜನ ಸಾವಿರಗಟ್ಟಲೆ ಸಹಿ ಹಾಕಿ ಅದನ್ನು ಕೈಬಿಡಿಸಿದರು. ನನಗೆ ಮುಖ್ಯವೆನಿಸಿದ್ದು ಅದು. ನೆಲ ತುಂಡಾಗದೆ ಉಳಿದರೆ ಇವತ್ತು ಸೈಕಲ್ಲು, ನಾಳೆ ರೈಲು, ಏನನ್ನು ಬೇಕಾದರೂ ಅದರ ಮೇಲೆ ತರಬಹುದು. ಸೈಟು ಮಾಡಿ ಮಾರಿಬಿಟ್ಟರೆ ಮತ್ತೆ ಬ್ರಹ್ಮನೂ ಕೂಡಿಸಲಾರ. ದುರ್ಗದವನಾದ ನಿನಗೆ ಕೆರೆಯಂಗಳಗಳಿಗೆ ಆದ ಗತಿಯನ್ನು ವಿವರಿಸಬೇಕಾಗಿಲ್ಲ.

ಕೆಲಸಕ್ಕೆ ಹೋಗಬಹುದು, ನಾನೂ ಹಾಗೆಯೇ ಹೋಗುತ್ತೇನೆ. ಕತ್ತಲಾದ ಮೇಲೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಕಾನೂನಿನ ಪ್ರಕಾರವೇ ಬೇಕು. ಎಡಕ್ಕೆ ಇರು, ನಾಯಿ ಹಿಡಿದವರನ್ನು ಕಂಡರೆ ಬೆಲ್ ಬಾರಿಸಿ ನಿಧಾನಿಸು. ಚಳಿಗಾಲದ ರಾತ್ರಿ ಹೊತ್ತಾದ ಮೇಲೆ ನಗರದ ಕಡೆಯ ಭಾಗದಲ್ಲಿ ಒಬ್ಬನೇ ಹೋಗಬೇಡ. ಕಿತ್ತುಕೊಂಡು ಓಡುವವರು ಎಲ್ಲಾ ದೇಶದಲ್ಲೂ ಇದ್ದಾರೆ. ಇದನ್ನು ನಿನ್ನ ತಾಯಿಗೆ ಹೇಳಬೇಡ.

ಈಗ, ನೀನು ಕೇಳದೇ ಇದ್ದ ಮಾತು. ಆ ಊರಿನಲ್ಲಿ ಕಷ್ಟವಾಗುವುದು ಚಳಿಯಲ್ಲ, ಕೆಲಸವಲ್ಲ. ‘ಬನ್ನಿ, ಕಾಫಿ ಕುಡಿದು ಹೋಗಿ’ ಎಂದು ಯಾರೂ ಕರೆಯುವುದಿಲ್ಲ. ನಾವಾಗಿ ಯಾರ ಮನೆಯ ಬಾಗಿಲನ್ನೂ ಸುಮ್ಮನೆ ತಟ್ಟುವಂತಿಲ್ಲ. ನಮ್ಮಲ್ಲಿ ಮೊದಲು ಪರಿಚಯ, ಆಮೇಲೆ ಕೆಲಸ. ಅಲ್ಲಿ ಕೈಗೆ ಕೆಲಸ ಹಚ್ಚಿಕೊಂಡ ಮೇಲೆಯೇ ಮಾತು. ಎರಡು ಚಳಿಗಾಲ ಕಳೆಯುವವರೆಗೆ ಇದು ನನಗೆ ಅರ್ಥವಾಗಲಿಲ್ಲ, ಆ ಎರಡು ಚಳಿಗಾಲಗಳನ್ನು ನೆನೆಯಲು ಈಗಲೂ ಮನಸ್ಸಿಲ್ಲ. ಮುಂದೆ ಬಿಟ್ಟನ್‌ನಲ್ಲಿ ಹಳಿ ನೋಡಿಕೊಳ್ಳುವ ತಂಡಕ್ಕೆ ಹೆಸರು ಕೊಟ್ಟೆ. ನಿವೃತ್ತ ವೈದ್ಯರು, ಬ್ಯಾಂಕಿನವರು, ಶಾಲೆಯ ಮೇಷ್ಟ್ರು, ಎಲ್ಲರೂ ಕಿತ್ತಳೆ ಬಣ್ಣದ ಜಾಕೆಟ್ ಹಾಕಿ ಹಳಿ ಹೊರುವ ಅಡ್ಡ ದಿಮ್ಮಿಗಳಾದ ಸ್ಲೀಪರುಗಳ ಅಡಿಗೆ ಜಲ್ಲಿ ಬಡಿಯುತ್ತಿದ್ದರು. ಹಳೆಯ ಇಂಗ್ಲಿಷ್ ಹಳಿಗಳಿಗೆ ಮರದ ಬೆಣೆ ಹೊಡೆದಿರುತ್ತಾರೆ. ಬೇಸಿಗೆ ಒಣಗಿದಾಗ ಅವು ಸಡಿಲವಾಗಿ ಕಳಚುತ್ತವೆ. ಸುತ್ತಿಗೆ ಹಿಡಿದು ಅವನ್ನು ಮತ್ತೆ ಕೂರಿಸುತ್ತಾ ಹೋಗುವುದು, ಜೋಡಣೆಯ ಬೋಲ್ಟುಗಳಿಗೆ ಗ್ರೀಸ್ ಹಚ್ಚುವುದು, ಅದೇ ನನ್ನ ಪಾಲಿನ ಕೆಲಸವಾಯಿತು.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳು ಗಾಬರಿಯಾದಳು. ‘ಇಂಜಿನಿಯರಿಂಗ್ ಓದಿಸಿದ್ದು ಜಲ್ಲಿ ಹೊರುವುದಕ್ಕೇನೋ? ಸಂಬಳ ಕೊಡುತ್ತಾರೆಯೇ?’ ಕೊಡುವುದಿಲ್ಲ ಎಂದ ಮೇಲೆ ಅವಳಿಗೆ ಮಾತೇ ಹೊರಡಲಿಲ್ಲ. ನಿನ್ನ ಮನೆಯಲ್ಲೂ ಹೀಗೆಯೇ ಆಗುತ್ತದೆ, ಆಗಲಿ. ನಾನು ಆಸ್ಪತ್ರೆ ಸೇರಿದಾಗ ಹಣ್ಣು ಹಿಡಿದು ಬಂದವರು ಕಚೇರಿಯವರಲ್ಲ, ಆ ಜಲ್ಲಿಯವರು.

‘ನಮ್ಮ ಕಡೆ ಯಾಕಿಲ್ಲ’ ಎಂಬುದಕ್ಕೆ ನನ್ನ ಉತ್ತರ ನಿನಗೆ ಹಿಡಿಸದೆ ಇರಬಹುದು. ನಮ್ಮ ರೈಲು ಸಾಯಲಿಲ್ಲ ಮಾರಾಯ, ಅದಕ್ಕೇ ಇಲ್ಲ. ಚಿಕ್ಕಜಾಜೂರಿನಿಂದ ದುರ್ಗಕ್ಕೆ ಹೋಗುವ ಮೀಟರ್ ಗೇಜ್ ದಾರಿಯನ್ನು ಮುಚ್ಚಲಿಲ್ಲ, ಅಗಲ ಮಾಡಿದರು. ಹಳಿಗಳ ನಡುವಿನ ಅಂತರ ಒಂದು ಮೀಟರ್ ಇದ್ದದ್ದು 1676 ಮಿಲಿಮೀಟರ್ ಆಯಿತು, ಬಂಡಿ ಓಡುತ್ತಲೇ ಇದೆ. ಬಿಟ್ಟನ್‌ನ ಹಳ್ಳಿಯವನು ಇಂದು ಬ್ರಿಸ್ಟಲ್‌ಗೆ ಹೋಗಲು ಬಸ್ಸಿನಲ್ಲಿ ಸಿಕ್ಕಿಕೊಂಡು ಬೆವರುತ್ತಾನೆ. ಆ ಮಾರ್ಗದ ಕೊನೆಯ ನಿಲ್ದಾಣವಾಗಿದ್ದ ಬಾತ್‌ನ ಗ್ರೀನ್ ಪಾರ್ಕ್‌ನ ಭವ್ಯವಾದ ಗಾಜಿನ ಚಾವಣಿಯ ಕೆಳಗೆ ಸಂತೆ ನಡೆಯುತ್ತದೆ, ಕಾರು ನಿಲ್ಲುತ್ತವೆ. ಆ ದಾರಿಯ ಚಂದಕ್ಕೆ ಮರುಳಾಗಿ ಮನೆಗೆ ಫೋನ್ ಮಾಡಿ ನಮ್ಮೂರನ್ನು ಹಳಿಯಬೇಡ. ಅಲ್ಲಿನವರು ಕಳೆದುಕೊಂಡದ್ದರಲ್ಲಿ ಕೈಗೆ ಸಿಕ್ಕಷ್ಟನ್ನು ಉಳಿಸಿಕೊಂಡಿದ್ದಾರೆ, ಅಷ್ಟೇ.

ಆದರೂ ನನಗೊಂದು ನೋವಿದೆ. ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಮೀಟರ್ ಗೇಜ್ ಹೋದಾಗ ಊರಲ್ಲಿ ಯಾರಿಗೂ ಅದು ಸುದ್ದಿಯೇ ಆಗಲಿಲ್ಲ. ದೊಡ್ಡ ಬಂಡಿ ಬರುತ್ತದೆ ಎಂಬ ಸಂಭ್ರಮದಲ್ಲಿ ಚಿಕ್ಕ ಬಂಡಿಯ ಒಂದು ಬೋಗಿಯನ್ನಾದರೂ ನಿಲ್ದಾಣದ ಮುಂದೆ ನಿಲ್ಲಿಸಿಕೊಳ್ಳೋಣ ಎಂದು ಒತ್ತಾಯಿಸಿದವರ ನೆನಪು ನನಗಿಲ್ಲ. ಮಕ್ಕಳಿಗೆ ಮೀಟರ್ ಗೇಜ್ ತೋರಿಸಬೇಕೆಂದರೆ ಮೈಸೂರಿನ ರೈಲು ಮ್ಯೂಸಿಯಂವರೆಗೆ ಕರೆದುಕೊಂಡು ಹೋಗಬೇಕು. ಈಗ ತುಮಕೂರಿನಿಂದ ದುರ್ಗದ ಮೇಲೆ ದಾವಣಗೆರೆಗೆ ಸುಮಾರು 190 ಕಿಲೋಮೀಟರ್ ಹೊಸ ಮಾರ್ಗ ಹಾಕುತ್ತಿದ್ದಾರೆ. ಊರುಗಳ ಹತ್ತಿರವಾದರೂ ಹಳಿಯ ಬೇಲಿಯಾಚೆ ನಾಲ್ಕು ಅಡಿ ನೆಲ ಬಿಟ್ಟರೆ ಶಾಲೆಯ ಮಕ್ಕಳು ಹೆದ್ದಾರಿಗೆ ಇಳಿಯದೆ ಸೈಕಲ್ಲಿನಲ್ಲಿ ಹೋದಾರು. ಇದನ್ನು ಹೇಳಿದರೆ ನನ್ನ ಗೆಳೆಯರು ನಗುತ್ತಾರೆ: ‘ಪರಿಹಾರದ ದುಡ್ಡಿಗೇ ರೈತರು ಅಲೆಯುತ್ತಿದ್ದಾರೆ, ನಿನಗೆ ಸೈಕಲ್ಲಿನ ಚಿಂತೆ.’ ಅವರ ಮಾತೂ ಸುಳ್ಳಲ್ಲ.

ನಿನ್ನ ಅಜ್ಜ ಚಿಕ್ಕಜಾಜೂರಿನಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದರೆಂದು ನಿನ್ನ ತಾಯಿ ಫೋನಿನಲ್ಲಿ ಹೇಳಿದರು. ಹೊರಡುವ ಮೊದಲು ಒಂದು ದಿನ ಅವರನ್ನು ಕೂರಿಸಿಕೊಂಡು ಮಾತಾಡಿಸಿ, ಮೊಬೈಲಿನಲ್ಲಿ ಧ್ವನಿ ಹಿಡಿದುಕೊ. ಎಂಜಿನ್‌ಗೆ ನೀರು ಎಲ್ಲಿ ತುಂಬುತ್ತಿದ್ದರು, ಮಳೆಗಾಲದಲ್ಲಿ ಹಳಿಯ ಕೆಳಗಿನ ಮಣ್ಣಿನ ಏರಿ ಕುಸಿದರೆ ಏನು ಮಾಡುತ್ತಿದ್ದರು, ಒಂದು ಗ್ಯಾಂಗಿನಲ್ಲಿ ಎಷ್ಟು ಜನ, ಕೂಲಿ ಎಷ್ಟು, ಎಲ್ಲವನ್ನೂ ಕೇಳು. ಬಿಟ್ಟನ್‌ನ ಮುದುಕರು ಮೊದಲ ಚಹಾ ಬಿಡುವಿನಲ್ಲೇ ನಿನ್ನನ್ನು ಇದನ್ನೇ ಕೇಳುತ್ತಾರೆ. ನನಗೂ ಒಂದು ಪ್ರತಿ ಬೇಕು. ಭಾನುವಾರದವರೆಗೆ ಇಲ್ಲೇ ಇರುತ್ತೇನೆ, ಅಜ್ಜನಿಗೆ ಆಯಾಸವಾಗದಿದ್ದರೆ ನಾನೇ ದುರ್ಗಕ್ಕೆ ಬರುತ್ತೇನೆ.