ಗೇಟಿನ ಬೋರ್ಡಲ್ಲಿರೋದು ಅರ್ಧ ಆಯತ್ ಮಾತ್ರ

ಅಸ್ಸಲಾಮು ಅಲೈಕುಮ್ ಅಮ್ಮ,

ನಿಮ್ಮ 'ಐಶ್ವರ್ಯವೆಂಬ ಪರೀಕ್ಷೆ' ಲೇಖನ ನಮ್ಮ ಪತ್ರಿಕೆಗೆ ಬಂದು ಮೂರು ವಾರ ಆಯ್ತು, ಉತ್ತರ ಲೇಟಾಗಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಎರಡು ಸಲ ಓದಿದೆ, ಒಂದ್ಸಲ ಮೆಟ್ರೋದಲ್ಲಿ ನಿಂತ್ಕೊಂಡು, ಇನ್ನೊಂದ್ಸಲ ಮನೇಲಿ ಪೆನ್ಸಿಲ್ ಹಿಡ್ಕೊಂಡು. ನೇರವಾಗೇ ಹೇಳ್ಬಿಡ್ತೀನಿ, ಈಗಿರೋ ಥರ ಇದನ್ನ ಹಾಕೋಕಾಗಲ್ಲ. ಆದ್ರೆ 'ಪ್ರಕಟಣೆಗೆ ಸ್ವೀಕೃತವಾಗಿಲ್ಲ' ಅಂತ ಒಂದು ಲೈನ್ ಬರೆದು ಕೈ ತೊಳ್ಕೊಳೋಕೂ ಮನಸ್ಸು ಬರ್ಲಿಲ್ಲ, ಯಾಕಂದ್ರೆ ಇದರೊಳಗೆ ಒಂದು ಒಳ್ಳೇ ಲೇಖನ ಇದೆ, ನೀವು ಅದರ ಮುಂದೇನೇ ನಡ್ಕೊಂಡು ಹೋಗಿ ಅದನ್ನ ನೋಡದೇ ಬಂದಿದೀರ.

ಮೊದಲು ಬೈಯೋದು ಮುಗಿಸ್ತೀನಿ.

'ಇಂದಿನ ಆಧುನಿಕ ಯುಗದಲ್ಲಿ ಮಾನವನು ಹಣದ ಬೆನ್ನಟ್ಟಿ ಓಡುತ್ತಿದ್ದಾನೆ.' ಈ ವಾಕ್ಯ ನಮಗೆ ತಿಂಗಳಿಗೆ ನಾಲ್ಕೈದು ಸಲ ಬರುತ್ತಮ್ಮ, ಕೆರೆ ಬಗ್ಗೆ ಬರೆಯೋರೂ ಇದನ್ನೇ ಹಾಕ್ತಾರೆ, ವೃದ್ಧಾಶ್ರಮದ ಬಗ್ಗೆ ಬರೆಯೋರೂ ಇದನ್ನೇ. ನಿಮ್ಮ ಮೊದಲನೇ ಪುಟದ ಮೇಲೆ ಕೈ ಅಡ್ಡ ಇಟ್ಟು ಎರಡನೇ ಪುಟದಿಂದ ಓದಿ ನೋಡ್ದೆ, ಏನೂ ಕಮ್ಮಿ ಅನ್ನಿಸ್ಲಿಲ್ಲ. ತೆಗೀರಿ.

ಇನ್ನೊಂದು, ತಲೆಬರಹದಲ್ಲಿ ಐಶ್ವರ್ಯ ಇದೆ, ಒಳಗೆ ಮುಕ್ಕಾಲು ಪಾಲು ಬರೀ ಕಷ್ಟ. ಪ್ರವಾದಿ ಅಯ್ಯೂಬರ ಕಾಯಿಲೆ, ಸಬರ್ (ತಾಳ್ಮೆ), ಕಣ್ಣೀರು. ಕಷ್ಟ ಅನ್ನೋದು ಪರೀಕ್ಷೆ ಅಂತ ನಮ್ಮಜ್ಜಿಗೂ ಗೊತ್ತಿತ್ತು, ಅದಕ್ಕೆ ಲೇಖನ ಬೇಕಿಲ್ಲ. ಅಯ್ಯೂಬರ ಬಗ್ಗೆ ನೀವು ಕೋಟ್ ಮಾಡಿರೋದು ಕುರಾನಿನ 38ನೇ ಸೂರಾ (ಅಧ್ಯಾಯ) ಸ್ವಾದ್‌ನಿಂದ, 44ನೇ ಆಯತ್ (ವಚನ), ಅಲ್ಲಿ ಅವರನ್ನ 'ನಿಅಮಲ್ ಅಬ್ದ್', ಎಂಥಾ ಒಳ್ಳೇ ದಾಸ ಅಂತ ಹೊಗಳಿದೆ. ಅದೇ ಸೂರಾದಲ್ಲಿ 14 ಆಯತ್ ಹಿಂದೆ ಹೋಗಿ, 30ರಲ್ಲಿ ಪ್ರವಾದಿಯೂ ರಾಜರೂ ಆಗಿದ್ದ ಸುಲೈಮಾನರಿಗೂ ಇದೇ ಮಾತು, ಅಕ್ಷರ ವ್ಯತ್ಯಾಸ ಇಲ್ಲ. ಒಬ್ಬರ ಮೈ ತುಂಬ ನೋವು, ಇನ್ನೊಬ್ಬರ ಕೈಲಿ ರಾಜ್ಯ, ಗಾಳಿ, ಜಿನ್ನುಗಳು, ಸರ್ಟಿಫಿಕೇಟ್ ಮಾತ್ರ ಇಬ್ಬರಿಗೂ ಒಂದೇ. ನೀವು ಒಬ್ಬರನ್ನ ಬರೆದು ಇನ್ನೊಬ್ಬರನ್ನ ಬಿಟ್ರಿ, ನಿಮ್ಮ ಸಬ್ಜೆಕ್ಟ್ ಇದ್ದಿದ್ದು ಆ ಬಿಟ್ಟವರ ಹತ್ರ.

'ಫಿತ್ನ'ಕ್ಕೆ ನೀವು 'ಕೇಡು' ಅಂತ ಬರೆದಿದೀರ, ಇದು ಸಣ್ಣ ತಪ್ಪಲ್ಲ. ಮನೇಲಿ ಉರ್ದು ಮಾತಾಡೋರಿಗೆ ಆಗೋ ಮೋಸ ಇದು, ತಂದಿಡೋರಿಗೆಲ್ಲ ಫಿತ್ನ ಅಂದೂ ಅಂದೂ ಆ ಅರ್ಥಾನೇ ನಾಲಿಗೆ ಮೇಲೆ ಕೂತಿರುತ್ತೆ. ಅದನ್ನ ತಗೊಂಡು 8ನೇ ಸೂರಾದ 28ನೇ ಆಯತಿಗೆ ಹಚ್ಚಿ 'ಸಂಪತ್ತು ಮತ್ತು ಮಕ್ಕಳು ನಿಮಗೆ ಕೇಡು' ಅಂದ್ಬಿಟ್ರೆ ಮಕ್ಕಳನ್ನ ಏನ್ಮಾಡೋಣ? ಅರಬಿಯಲ್ಲಿ ಆ ಪದದ ಬೇರು ಚಿನ್ನವನ್ನ ಬೆಂಕಿಗೆ ಹಾಕಿ ಅಪ್ಪಟವೋ ಬೆರಕೆಯೋ ಅಂತ ನೋಡೋದು. ನಮ್ಮ ಕನ್ನಡದಲ್ಲಿ ಅದಕ್ಕೆ ರೆಡಿ ಮಾತೇ ಇದೆಯಲ್ಲ, ಪುಟಕ್ಕಿಡೋದು ಅಂತ. ನಗರ್ತಪೇಟೆ ಕಡೆ ಹೋದ್ರೆ ಈಗಲೂ ಸಣ್ಣ ಸಣ್ಣ ರೂಮಲ್ಲಿ ಕೂತು ಚಿನ್ನದ ಕೆಲಸ ಮಾಡೋರು ಸಿಗ್ತಾರೆ, ಅವರೇನು ಚಿನ್ನದ ಮೇಲೆ ಸಿಟ್ಟಿಗೆ ಬೆಂಕಿಗೆ ಹಾಕ್ತಾರಾ? 'ಕೇಡು' ಹೊಡೆದುಹಾಕಿ ಅಲ್ಲಿ ಇದನ್ನ ಬರೀರಿ, ಇಡೀ ಪ್ಯಾರಾದ ಮುಖಾನೇ ಬದಲಾಗುತ್ತೆ.

ಖಾರೂನ್ ಕಥೆಯಲ್ಲೂ ಹೀಗೇ ಆಗಿದೆ. ಅವನು ಸಾಹುಕಾರ, ಅದಕ್ಕೇ ಭೂಮಿ ನುಂಗ್ತು ಅಂತ ಮುಗಿಸಿದೀರ. ಅಲ್ಲ. 28ನೇ ಸೂರಾದಲ್ಲಿ ಅವನ ಜನ ಅವನಿಗೆ ಬುದ್ಧಿ ಹೇಳುವಾಗ, ದುನಿಯಾದಲ್ಲಿ ನಿನ್ನ ಪಾಲನ್ನೂ ಮರೀಬೇಡ ಅಂತ್ಲೇ ಹೇಳ್ತಾರೆ, ಯಾರೂ ಕಾವಿ ಉಟ್ಕೊಂಡು ಹೋಗು ಅನ್ನಲ್ಲ. ಅವನು ಕೆಟ್ಟಿದ್ದು ಎಲ್ಲಿ ಅಂದ್ರೆ, ಇದೆಲ್ಲ ನನಗೆ ನನ್ನ ತಿಳಿವಳಿಕೆಯಿಂದ ಸಿಕ್ಕಿದ್ದು ಅಂದನಲ್ಲ, ಅಲ್ಲಿ. ಈ ಡೈಲಾಗ್ ನೀವು ಎಲ್ಲೋ ಕೇಳಿಲ್ವಾ? ನಮ್ಮ ಬೆಂಗಳೂರಲ್ಲಿ ಪ್ರಮೋಶನ್ ಸಿಕ್ಕಿದವರು, ಎರಡನೇ ಸೈಟ್ ತಗೊಂಡವರು, ಎಲ್ಲರ ಬಾಯಲ್ಲೂ ಅದೇ, 'ಕಂಪ್ಲೀಟ್ಲಿ ಮೈ ಹಾರ್ಡ್ ವರ್ಕ್'. ಅದಕ್ಕಿಂತ ನನಗೆ ಹೆಚ್ಚು ಕಾಡೋದು ರಸ್ತೆ ಬದಿ ನಿಂತು ಅವನ ಮೆರವಣಿಗೆ ನೋಡಿ, ಖಾರೂನಿಗೆ ಸಿಕ್ಕಿದ್ದು ನಮಗೂ ಸಿಕ್ಕಿದ್ರೆ ಅಂತ ಬಾಯಿ ಬಿಟ್ಟ ಜನ. ಮಾರನೇ ದಿನ ಮನೆ ಸಮೇತ ಅವನು ಹೋದ ಮೇಲೆ ಅವರ ಮಾತೇ ಬೇರೆ. ಐಶ್ವರ್ಯ ಅವನದು, ಪರೀಕ್ಷೆ ನೋಡ್ತಾ ನಿಂತವರಿಗೂ ನಡೀತು. ಅವರ ಬಗ್ಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ.

ಜಕಾತ್ ಪ್ಯಾರಾ ಓಕೆ, ಆದ್ರೆ 40ರಲ್ಲಿ 1 ಪಾಲು ದಾನ ಕೊಟ್ಟ ತಕ್ಷಣ ಪರೀಕ್ಷೆ ಪಾಸು ಅನ್ನೋ ಥರ ಬರೆದಿದೀರ. ಅದು ಫರ್ಜ್, ಕೊಡಲೇಬೇಕಾದ್ದು, ಅಟೆಂಡೆನ್ಸ್ ಇದ್ದಂಗೆ. ಮತ್ತೆ 'ಪ್ರವಾದಿಯವರು ಹೇಳಿದ್ದಾರೆ' ಅಂತ ಶುರುವಾಗೋ ಆ ನಾಲ್ಕು ಸಾಲು ವಾಟ್ಸಾಪಿಂದ ಎತ್ತಿದ್ದು ಅಂತ ಗೊತ್ತಾಗುತ್ತೆ, ಕಿತಾಬಿನ ಹೆಸರು ಕೊಡಿ, ಇಲ್ಲಾಂದ್ರೆ ತೆಗೀರಿ, ಅದರಲ್ಲಿ ನಾನು ರಾಜಿ ಆಗಲ್ಲ.

ಈಗ ನಿಮ್ಮ ಮಾಮನ ವಿಷಯ. ಟ್ಯಾನರಿ ರೋಡಿನ ವಠಾರದಿಂದ ಹೆಗ್ಡೆ ನಗರದ ಸ್ವಂತ ಮನೆಗೆ ಹೋದ ಮಾಮ. ಇಡೀ ಲೇಖನದಲ್ಲಿ ಉಸಿರಾಡೋ ಮನುಷ್ಯ ಅವರೊಬ್ಬರೇ, ಅವರಿಗೆ ನೀವು ಕೊಟ್ಟಿರೋದು ಹನ್ನೊಂದು ಸಾಲು, ಅದರಲ್ಲಿ ಕೊನೇದು 'ಅವರ ಪ್ರಾಮಾಣಿಕತೆಗೆ ಮೆಚ್ಚಿ ಅಲ್ಲಾಹನು ದಯಪಾಲಿಸಿದ ಫಲವಿದು'. ಇದನ್ನ ಬರೆಯುವಾಗ ನಿಮಗೆ ಸೂರಾ ಫಜ್ರ್ ನೆನಪಾಗ್ಲಿಲ್ವಾ? 89ರ 15, 16. ಮನುಷ್ಯನಿಗೆ ರಬ್ (ದೇವರು) ಗೌರವ ಕೊಟ್ಟು ಸುಖ ಕೊಟ್ಟು ಪರೀಕ್ಷೆ ಮಾಡಿದ್ರೆ, ನನ್ನ ರಬ್ ನನ್ನನ್ನ ಮೆಚ್ಚಿದ ಅಂತಾನೆ, ರಿಜ್ಕ್ (ಅನ್ನ, ಆದಾಯ) ಅಳೆದು ಕೊಟ್ಟು ಪರೀಕ್ಷೆ ಮಾಡಿದ್ರೆ, ನನ್ನನ್ನ ಅವಮಾನ ಮಾಡಿದ ಅಂತಾನೆ. ಎರಡು ಕಡೆನೂ ಕ್ರಿಯಾಪದ ಒಂದೇ, ಪರೀಕ್ಷೆ ಮಾಡೋದು. ಮುಂದಿನ ಆಯತ್ 'ಕಲ್ಲಾ' ಅಂತ ಶುರು, ಖಂಡಿತ ಅಲ್ಲ ಅಂತ. ಆಮೇಲೆ ಡೈರೆಕ್ಟಾಗಿ ಕೇಳೋದು ಯತೀಮರನ್ನ (ಅನಾಥರನ್ನ) ಗೌರವಿಸ್ತೀರಾ, ಬಡವರಿಗೆ ಊಟ ಹಾಕಿ ಅಂತ ಒಬ್ಬರಿಗೊಬ್ಬರು ಹೇಳ್ತೀರಾ ಅನ್ನೋದನ್ನ. ಅಂದ್ರೆ ನಿಮ್ಮ ಲೇಖನ ಯಾವ ಮಾತು ತಪ್ಪು ಅಂತ ಹೇಳೋಕೆ ಹೊರಟಿತ್ತೋ ಅದೇ ಮಾತನ್ನ ನೀವು ಪ್ರೀತಿಯಿಂದ ಮಾಮನ ಕೊರಳಿಗೆ ಹಾಕಿದೀರ. ಮಾಮನ ಮೇಲಿನ ಅಭಿಮಾನ ನನಗೆ ಅರ್ಥ ಆಗುತ್ತೆ, ಅವರನ್ನ ಅಲ್ಪನಿಗೆ ಐಶ್ವರ್ಯ ಬಂದ ಗಾದೆಗೆ ಕಟ್ಟಿಹಾಕಿ ಅಂತ ನಾನು ಹೇಳ್ತಿಲ್ಲ, ಒಳ್ಳೇ ಮನುಷ್ಯರೇ ಇರಬಹುದು, ಒಳ್ಳೇ ಮನುಷ್ಯರಾದ್ರೇನೇ ಲೇಖನಕ್ಕೆ ಬೆಲೆ.

ಮೂರನೇ ಪುಟದಲ್ಲಿ 'ಗೇಟಿನ ಮೇಲೆ ಕಪ್ಪು ಗ್ರಾನೈಟಿನಲ್ಲಿ ಹಾಜಾ ಮಿನ್ ಫಜ್ಲಿ ರಬ್ಬಿ ಎಂದು ಚಿನ್ನದ ಬಣ್ಣದಲ್ಲಿ ಕೆತ್ತಿಸಿದ್ದರು' ಅಂತ ಬರೆದು ಮುಂದೆ ಮಾಡ್ಯುಲರ್ ಕಿಚನ್‌ಗೆ ಹೋಗ್ಬಿಟ್ರಿ. ಅಲ್ಲೇ ನಿಲ್ಲಬೇಕಿತ್ತು! ಫ್ರೇಜರ್ ಟೌನಿಂದ ತಣಿಸಂದ್ರದ ತನಕ ಈ ಬೋರ್ಡ್ ಎಷ್ಟು ಮನೆ ಮೇಲಿದೆ, ಆಟೋ ಹಿಂದೆ, ಅಂಗಡಿ ಗಲ್ಲಾ ಮೇಲೆ. ಇದು ಸುಲೈಮಾನರ ಮಾತು, 27ನೇ ಸೂರಾ ನಮ್ಲ್, 40ನೇ ಆಯತ್. ಸಬಾ ದೇಶದ ರಾಣಿಯ ಸಿಂಹಾಸನ ಕಣ್ಣು ಮಿಟುಕಿಸೋದ್ರಲ್ಲಿ ಎದುರಿಗೆ ಬಂದು ಕೂತಾಗ ಅವರು ಹೇಳಿದ್ದು, ಇದು ನನ್ನ ರಬ್‌ನ ಕೃಪೆ. ಆದ್ರೆ ಅವರು ಅಷ್ಟಕ್ಕೇ ನಿಲ್ಲಿಸ್ಲಿಲ್ಲ ಅಮ್ಮ, ಅದೇ ಉಸಿರಲ್ಲಿ ಮುಂದೆ ಇದೆ, ನಾನು ಶುಕ್ರ್ (ಕೃತಜ್ಞತೆ) ಮಾಡ್ತೀನೋ ನಾಶುಕ್ರಿ (ಕೃತಘ್ನತೆ) ಮಾಡ್ತೀನೋ ಅಂತ ನನ್ನನ್ನ ಪರೀಕ್ಷೆ ಮಾಡೋಕೆ. ಊರಿಗೆ ಊರೇ ಮೊದಲ ಅರ್ಧವನ್ನ ಕಲ್ಲಿಗೆ ಹೊಡೆಸಿ ಎರಡನೇ ಅರ್ಧವನ್ನ ಕಲ್ಲಿನವನ ಅಂಗಡೀಲೇ ಬಿಟ್ಟು ಬಂದಿದೆ. ನಿಮ್ಮ ಲೇಖನ ಈ ಗೇಟಿಂದ ಶುರುವಾಗಬೇಕು.

ನಾನೇನು ಹೊರಗೆ ನಿಂತು ಮಾತಾಡ್ತಿಲ್ಲ. ಬಾಡಿಗೆ ಮನೇಲಿದ್ದಾಗ ರಂಜಾನಲ್ಲಿ ಗಂಜಿ ಮಾಡಿದ್ರೆ ಎಡಗಡೆ ಮನೆಗೊಂದು ಬಲಗಡೆ ಮನೆಗೊಂದು ಡಬ್ಬಿ ಹೋಗ್ತಿತ್ತು, ಪಾತ್ರೆ ವಾಪಸ್ ಬರುವಾಗ ಖಾಲಿ ಬರ್ತಿರ್ಲಿಲ್ಲ. ಅಪಾರ್ಟ್‌ಮೆಂಟಿಗೆ ಬಂದು ಆರು ವರ್ಷ ಆಯ್ತು, ಎದುರು ಫ್ಲಾಟಿನವರ ಹೆಸರು ನನಗೆ ಕೊರಿಯರ್ ಬಾಕ್ಸ್ ನೋಡಿ ಗೊತ್ತಾಗಿದ್ದು.

ಅಬ್ದುರ್ರಹ್ಮಾನ್ ಬಿನ್ ಔಫರನ್ನ ನೀವು 'ಶ್ರೀಮಂತ ಸಹಾಬಿ' ಅಂತ ಎರಡೇ ಪದದಲ್ಲಿ ದಾಟಿಸಿದೀರ, ಅವರು ಪ್ರವಾದಿಯವರ ಒಡನಾಡಿ, ನಿಮ್ಮ ಮಾಮನ ಪಕ್ಕ ಕೂರಿಸಬೇಕಾದ ಮನುಷ್ಯ. ಮಕ್ಕಾದಿಂದ ಬರಿಗೈಲಿ ಮದೀನಾಕ್ಕೆ ಬಂದ್ರು, ಅಲ್ಲಿನ ಅಣ್ಣ ಒಬ್ಬರು ಅರ್ಧ ಆಸ್ತಿ ಕೊಡ್ತೀನಿ ಅಂದ್ರೂ ಬೇಡ, ಮಾರ್ಕೆಟ್ ಎಲ್ಲಿದೆ ತೋರಿಸಿ ಅಂದ್ರು, ತುಪ್ಪ, ಒಣ ಗಿಣ್ಣು ಮಾರಿ ಶುರು ಮಾಡಿದವರು. ಆಮೇಲೆ ದೊಡ್ಡ ಸಾಹುಕಾರ. ಒಂದಿನ ಉಪವಾಸದಲ್ಲಿದ್ದಾಗ ಊಟ ತಂದಿಟ್ರೆ, ಉಹುದ್‌ನಲ್ಲಿ ನಡೆದ ಯುದ್ಧದಲ್ಲಿ ಸತ್ತ ಜೊತೆಗಾರ ಮುಸ್ಅಬ್ ನೆನಪಾಯ್ತು, ಅವರಿಗೆ ಕಫನಿಗೆ (ಶವಕ್ಕೆ ಹೊದಿಸೋ ಬಟ್ಟೆಗೆ) ಇದ್ದಿದ್ದು ಒಂದೇ ಹೊದಿಕೆ, ತಲೆ ಮುಚ್ಚಿದ್ರೆ ಕಾಲು ಕಾಣೋದು, ಕಾಲು ಮುಚ್ಚಿದ್ರೆ ತಲೆ. ನಮ್ಮ ಒಳ್ಳೇ ಕೆಲಸದ ಕೂಲಿ ಅಲ್ಲಾಹ್ ಇಲ್ಲೇ ಕೊಟ್ಟು ಮುಗಿಸ್ತಿದಾನೇನೋ ಅಂತ ಭಯ ಆಗುತ್ತೆ ಅಂದು ಅಳ್ತಾ ಊಟ ಬಿಟ್ರು. ಹದೀಸ್ (ಪ್ರವಾದಿಯವರ ಕಾಲದ ಮಾತು, ಘಟನೆಗಳ) ಸಂಗ್ರಹ ಬುಖಾರಿಯಲ್ಲಿದೆ. ದುಡ್ಡು ಬಂದ ಮೇಲೂ ಆ ಹೊದಿಕೆ ಅಳತೆ ಮರೆತಿರ್ಲಿಲ್ಲ ನೋಡಿ.

ಕೊನೇ ಪುಟದಲ್ಲಿ ಒಂದು ಸಾಲು ಹೆಂಗೋ ಉಳ್ಕೊಂಡಿದೆ, ನೀವೇ ಹೊಡೆದುಹಾಕೋಕೆ ಹೊರಟಿದ್ರಿ ಅನ್ಸುತ್ತೆ, 'ಹಳೆಯ ವಠಾರದ ಆಂಟಿ ಮಕ್ಕಳೊಂದಿಗೆ ದಾವತ್‌ಗೆ ಬಂದಿದ್ದರು, ಬೇಗನೆ ಹೊರಟುಹೋದರು'. ಮೇಲೆ ಇನ್ನೊಂದು ಕಡೆ ಬರೆದಿದೀರ, ಆ ಆಂಟಿ ಗಂಡ ತೀರ್ಕೊಂಡಿದಾರೆ, ಮಾಮನ ಕೈ ಖಾಲಿ ಇದ್ದಾಗ ಅವರ ಮನೆಯಿಂದ ಅಕ್ಕಿ ಬರ್ತಿತ್ತು ಅಂತ. ಬುಖಾರಿ, ಮುಸ್ಲಿಂ ಎರಡೂ ಹದೀಸ್ ಸಂಗ್ರಹಗಳಲ್ಲಿ ಇರೋ ಆ ಮೂವರ ಕಥೆ ನಿಮಗೆ ಗೊತ್ತಿರಲೇಬೇಕು, ಕುಷ್ಠ ಇದ್ದವನು, ತಲೆ ಬೋಳಾದವನು, ಕುರುಡ. ಮಲಕ್ (ದೇವದೂತ) ಬಂದು ಮೂವರನ್ನೂ ವಾಸಿ ಮಾಡಿ ಒಬ್ಬನಿಗೆ ಒಂಟೆ, ಒಬ್ಬನಿಗೆ ಹಸು, ಕುರುಡನಿಗೆ ಕುರಿ ಕೊಟ್ಟು ಹೋಗ್ತಾರೆ, ಅದು ಕಣಿವೆ ತುಂಬ ಬೆಳೆಯುತ್ತೆ. ಪರೀಕ್ಷೆ ಬರೋದು ಕಾಯಿಲೆ ಇದ್ದಾಗ ಅಲ್ಲ, ಎಲ್ಲ ಸರಿ ಹೋದ ಮೇಲೆ, ಅದೇ ಮಲಕ್ ಅವರವರ ಹಳೇ ರೂಪದಲ್ಲೇ ಬಾಗಿಲಿಗೆ ಬಂದು ದಾರಿಖರ್ಚಿಗೆ ಕೇಳಿದಾಗ. ಮೊದಲಿಬ್ಬರು, ಇದು ನಮ್ಮ ತಾತಮುತ್ತಾತರ ಆಸ್ತಿ ಅಂದ್ರು. ಕುರುಡನಾಗಿದ್ದವನು ಮಾತ್ರ, ನಾನು ಕುರುಡನಾಗಿದ್ದೆ, ಅಲ್ಲಾಹ್ ಕಣ್ಣು ಕೊಟ್ಟ, ಏನು ಬೇಕೋ ತಗೊಂಡು ಹೋಗು ಅಂದ.

ನಿಮ್ಮ ಮಾಮನ ಹಳೇ ರೂಪ ಆವತ್ತು ಆ ಗೇಟಿಂದಾನೇ ಒಳಗೆ ಬಂದಿತ್ತಲ್ಲಮ್ಮ, ಮಕ್ಕಳ ಕೈ ಹಿಡ್ಕೊಂಡು. ಮೊದಲ ಪುಟ ಬಿಡಿ, 'ಆಧುನಿಕ ಯುಗ' ಬಿಡಿ, ಅಯ್ಯೂಬರನ್ನ ಒಂದು ಪ್ಯಾರಾಕ್ಕೆ ಇಳಿಸಿ, ಮನೇಲಿ ನೇಮತ್ (ದೇವರು ಕೊಟ್ಟ ಸೌಭಾಗ್ಯ) ಅನ್ನೋದನ್ನ ಪೇಪರಲ್ಲೂ ನೇಮತ್ ಅಂತ್ಲೇ ಬರೀರಿ, ಒಟ್ಟು 900 ಪದದೊಳಗೆ ಮುಗಿಸಿ ಇನ್ನೊಂದ್ಸಲ ಕಳಿಸಿ, ನಾನು ಓದ್ತೀನಿ. ಆದ್ರೆ ಬರೆಯೋಕೆ ಕೂರೋ ಮುಂಚೆ ಅಮ್ಮಂಗೋ ಮಾಮಿಗೋ ಫೋನ್ ಮಾಡಿ ಒಂದು ವಿಷಯ ಕೇಳಿ ತಿಳ್ಕೊಳಿ, ಆ ಆಂಟಿ ಆವತ್ತು ಊಟ ಮಾಡಿ ಹೋದ್ರಾ, ಹಂಗೇ ಹೋದ್ರಾ ಅಂತ.